ಕೋದಂಡರಾಮಪ್ಪನ ಎಡೆಗೆ ಐರಿಷ್ ವಿಸ್ಕಿ

"ಒರಿಜಿನಲ್ ಸ್ಕಾಚು ಅತ್ತಿಗೆ. ಸಿಂಗಾಪುರದಿಂದ ಬಂದಿರೋದು. ಬಿರಡೆ ತೆಗೆದ್ರೆ ಹೊಗೆ ವಾಸನೆ ಗಮ್ ಅನ್ನುತ್ತೆ ನೋಡಿ," ಎಂದು ಅಶ್ವತ್ಥಪ್ಪ ಬಾಟ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಮದುವೆಗೆ ಮುಯ್ಯಿ ಕೊಡುವವನಂತೆ ಮುಂದೆ ಚಾಚಿದ.

ಬೈರಮ್ಮ ಕೈ ಚಾಚಲಿಲ್ಲ. ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತಿ ಬಾಟ್ಲಿ ನೋಡಿದಳು, ಮೈದುನನ ಮುಖ ನೋಡಿದಳು.

"ನಿಮ್ಮಣ್ಣಂಗೆ ಹೊಗೇದು ಆಗ್ತಿರ್ಲಿಲ್ಲ ಕಣಪ್ಪ. ಅವ್ರು ಕುಡೀತಿದ್ದಿದ್ದು ಐರಿಷ್ ಮಾತ್ರ. ಇದನ್ನಿಟ್ರೆ ಮುಟ್ಟದೆ ಎದ್ದು ಹೋಗ್ತಾರೆ," ಅಂದಳು.

ಅಶ್ವತ್ಥಪ್ಪನ ಮುಖ ಹುಳ್ಳಗಾಯಿತು. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟುಕೊಂಡವನು, ನಾಲ್ಕು ಜನ ಅವನ ಮಾತಿಗೆ ತಲೆಯಾಡಿಸುವವರಿದ್ದರು. ಸತ್ತ ಅಣ್ಣ ಕೋದಂಡರಾಮಪ್ಪನಿಗೆ ಮೊದಲನೇ ಪಕ್ಷದ ಎಡೆ ಎಂದು ಗೆಳೆಯನ ಹತ್ತಿರ ಕಾಡಿ ಬೇಡಿ ಬಾಟ್ಲಿ ತಂದಿದ್ದ. ಅದನ್ನು ಹೀಗೆ ಬಾಗಿಲಲ್ಲೇ ನಿಲ್ಲಿಸುತ್ತಾರೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಬೈರಮ್ಮ ಆಡಿದ ಮಾತು ಸುಳ್ಳಲ್ಲ. ಆದರೆ ಅವಳು ಅದನ್ನು ಆಡಿದ್ದು ಗಂಡನ ನಾಲಿಗೆಯನ್ನು ನೆನೆದು ಅಲ್ಲ, ಮಗನ ಜೀವ ಉಳಿಸಲು. ಆ ಮನೆತನದ ಕ್ರಮ ಗೊತ್ತಿದ್ದವರಿಗೆ ಮಾತ್ರ ಅದು ಅರ್ಥವಾಗುತ್ತದೆ. ಮಹಾಲಯ ಅಮಾವಾಸ್ಯೆಯ ದಿನ ಹಿರೀಕರಿಗೆ ಅವರು ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಎಲೆಯ ಮೇಲೆ ಬಡಿಸುತ್ತಾರೆ. ಮಟನ್ ಸಾರು, ಮುದ್ದೆ, ವಡೆ, ಕಜ್ಜಾಯ, ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಕುಡಿಯುವುದು. ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ಕೂರುತ್ತಾರೆ. ಬಂದವರು ಉಂಡರು ಅನ್ನಿಸಿದ ಮೇಲೆ ಬಾಗಿಲು ತೆಗೆದು, ಎಡೆ ಇಟ್ಟ ಹಿರೀ ಮಗ ಒಂದೊಂದನ್ನೂ ಮೊದಲು ಬಾಯಿಗಿಟ್ಟುಕೊಳ್ಳಬೇಕು. ಒಂದನ್ನೂ ಬಿಡುವ ಹಾಗಿಲ್ಲ. ಬಿಟ್ಟರೆ ಹಿರೀಕರ ಎಂಜಲನ್ನು ಮಗ ಒಲ್ಲೆ ಅಂದ ಹಾಗೆ. ಇದೆಲ್ಲ ಯಾವ ಶಾಸ್ತ್ರದಲ್ಲಿದೆಯೋ ದೇವರೇ ಬಲ್ಲ, ಆ ಮನೆಯಲ್ಲಂತೂ ಇತ್ತು.

ಹಿರೀ ಮಗ, ಇರುವ ಒಬ್ಬನೇ ಮಗ, ವೆಂಕಟ್. ಕುಡಿದು ಕುಡಿದು ಈಲಿ ಕೆಡಿಸಿಕೊಂಡು, ಹೊಟ್ಟೆ ಊದಿ, ಕಣ್ಣು ಅರಿಶಿನವಾಗಿ, ಕೋಲಾರದ ಆಸ್ಪತ್ರೆಯಲ್ಲಿ ಸತ್ತು ಬದುಕಿದವನು. ಅಲ್ಲಿಂದ ಮಾಲೂರಿನ ಕಡೆ ಕುಡಿತ ಬಿಡಿಸುವ ಕೇಂದ್ರದಲ್ಲಿ ಇದ್ದು ಬಂದ ಮೇಲೆ ಒಂದು ಹನಿ ಮುಟ್ಟಿರಲಿಲ್ಲ. ಅಪ್ಪ ಸತ್ತ ದಿನವೂ ಮುಟ್ಟಿರಲಿಲ್ಲ.

ಹಜಾರದ ಮೂಲೆಯಲ್ಲಿ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದ ಅಕ್ಕಯಮ್ಮ ಈ ಮಾತುಕತೆಗೆ ಕಿವಿ ಕೊಟ್ಟಿದ್ದಳು. ಕೋದಂಡರಾಮಪ್ಪನ ಅಕ್ಕ. ತಾಯಲೂರಿಗೆ ಕೊಟ್ಟಿದ್ದು, ಅಲ್ಲಿ ಬಾಳಿ ಬಾಳಿ ಅವಳ ಕನ್ನಡಕ್ಕೆ ಅರ್ಧ ತೆಲುಗು ಬೆರೆತಿತ್ತು. ಹಬ್ಬ ಹುಣ್ಣಿಮೆ ಬಂದರೆ ಆ ಮನೆಯಲ್ಲಿ ಕಾನೂನು ಅವಳದೇ.

"ಅದಿರ್ಲಿ ಬೈರಿ, ಸ್ಕಾಚೋ ಗೀಚೋ, ಏನೋ ಒಂದು ಇಡ್ಬೇಕಲ್ಲಮ್ಮಾ. ತಿಥೀಲಿ ಬರೀ ಪಾಯಸ ಇಟ್ವಿ. ಇವತ್ತು ನಮ್ಮೋನು ಬಾಯಿ ಬಿಟ್ಕೊಂಡು ಬರ್ತಾನೆ," ಅಂದಳು.

"ಅವ್ರು ಕೊನೇಲಿ ಬಿಟ್ಟಿದ್ರಲ್ಲ ಅತ್ತಿಗೆ."

"ಬಿಟ್ಟಿದ್ದ, ಅದಕ್ಕೇ ಇಡ್ಬೇಕು. ಮನಸ್ಸಲ್ಲಿಟ್ಕೊಂಡೇ ಹೋದ ಕಣಮ್ಮಾ, ಆಸೆ ತೀರಿಸ್ಕೊಂಡು ಹೋದೋನಲ್ಲ ಅವನು."

ಬೈರಮ್ಮನಿಗೂ ಒಳಗೊಳಗೆ ಹಾಗೇ ಅನ್ನಿಸುತ್ತಿತ್ತು.

ಕೋದಂಡರಾಮಪ್ಪ ಬೆಂಗಳೂರಿನ ದಂಡಿನ ಕಡೆ ಒಂದು ಹಳೇ ಕ್ಲಬ್ಬಿನಲ್ಲಿ ಬಾರಿನ ಕೆಲಸಕ್ಕೆ ಸೇರಿದವನು ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದ. ವಾರಕ್ಕೊಂದು ದಿನ ರಜ. ಆ ದಿನ ತನ್ನೂರು ಹುತ್ತೂರಿಗೆ ಬಂದರೆ ಸಂಜೆ ಒಂದು ಗ್ಲಾಸು, ಒಂದೇ ಗ್ಲಾಸು. ಬೈರಮ್ಮ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ಕೂತಿದ್ದರೆ, ಅವನು ಪಕ್ಕದಲ್ಲಿ ಕೂತು ಆ ಗ್ಲಾಸನ್ನು ದೀಪ ಹಚ್ಚುವ ಹೊತ್ತಿನವರೆಗೆ ಎಳೆಯುತ್ತಿದ್ದ. ಎಳೆಯುತ್ತಾ ಪಾಠ ಮಾಡುತ್ತಿದ್ದ. ಕೇಳುವವರು ಇನ್ನಾರೂ ಇಲ್ಲವಲ್ಲ, ಹೆಂಡತಿಗೇ ಮಾಡುತ್ತಿದ್ದ.

"ನೋಡು ಬೈರಿ, ಎರಡಕ್ಕೂ ಮೂಲ ಬಾರ್ಲಿನೇ. ನೀನು ರಾಗಿ ಮೊಳಕೆ ಕಟ್ಟಲ್ವಾ, ಹಾಗೆ ಬಾರ್ಲಿ ಮೊಳಕೆ ಬರಿಸ್ತಾರೆ. ಸ್ಕಾಟ್ಲೆಂಡಲ್ಲಿ ಕೆಲವು ಕಡೆ ಅದನ್ನ ಒಣಗಿಸೋಕೆ ಮಣ್ಣು ಉರಿಸ್ತಾರೆ."

"ಮಣ್ಣು ಎಲ್ಲಾದ್ರೂ ಉರಿಯುತ್ತಾ?"

"ಜೌಗು ನೆಲ ಕಣೇ. ಹುಲ್ಲು ಕೊಳೆತು ಕೊಳೆತು ಗಟ್ಟಿಯಾಗಿರುತ್ತೆ. ಕೆರೆ ಹೂಳನ್ನ ಬೆರಣಿ ತಟ್ಟಿ ಒಲೆಗಿಟ್ಟ ಹಾಗೆ ಅಂದ್ಕೋ. ಆ ಹೊಗೆ ಕಾಳಿಗೆ ಹತ್ತಿದ್ದು ಗ್ಲಾಸಿನವರೆಗೂ ಬಿಡಲ್ಲ. ಎಲ್ಲಾ ಸ್ಕಾಚೂ ಹಾಗಲ್ಲ, ಹೊಗೆ ಇಲ್ಲದ್ದೂ ಉಂಟು. ಐರ್ಲೆಂಡಿನೋರು ಹೆಚ್ಚಾಗಿ ಹೊಗೆ ಸೋಕಿಸೋದೇ ಇಲ್ಲ. ಅವ್ರಲ್ಲಿ ಕೆಲವರು ಮೊಳಕೆ ಕಾಳಿನ ಜೊತೆ ಹಸೀ ಕಾಳೂ ಬೆರೆಸ್ತಾರೆ. ಸ್ಕಾಚ್ ಸಾಮಾನ್ಯವಾಗಿ ಎರಡು ಸಲ ಬಟ್ಟಿ ಇಳಿಸಿದ್ರೆ, ಐರಿಷ್ ಹೆಚ್ಚಿನದು ಮೂರು ಸಲ. ಅದಕ್ಕೇ ಅದು ಗಂಟಲಿಗೆ ಗೊತ್ತಾಗದ ಹಾಗೆ ಇಳಿಯುತ್ತೆ."

ಕುಡಿಯುವ ಬಗೆಯಲ್ಲೂ ಅವನಿಗೆ ಕಟ್ಟುನಿಟ್ಟು. ಸ್ಕಾಚಿಗೆ ನಾಲ್ಕು ಹನಿ ನೀರು ಬಿಡಬೇಕು, ಆಗ ಒಳಗೆ ಮಲಗಿದ್ದ ವಾಸನೆಯೆಲ್ಲ ಏಳುತ್ತದೆ. ಐರಿಷಿಗೆ ಅದೂ ಬೇಡ, ಹಾಗೇ ಒಂದೊಂದೇ ಗುಟುಕು. ಬಹಳ ಚಳಿಯಿದ್ದರೆ ಸಕ್ಕರೆ ಹಾಕಿದ ಬಿಸಿ ಕಾಫಿಗೆ ಬೆರೆಸಿ, ಮೇಲೆ ಕೆನೆ ತೇಲಿಬಿಟ್ಟು ಕುಡಿಯುವುದೂ ಉಂಟು. ಊರ ಜನ ಕ್ವಾರ್ಟರಿಗೆ ಗ್ಲಾಸಿನ ತುಂಬ ನೀರು ಸುರಿದು, ಗಟಗಟ ಇಳಿಸಿ, ಉಪ್ಪಿನಕಾಯಿ ನೆಕ್ಕಿ ಮುಖ ಕಿವಿಚುವುದನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. "ಅದು ಕುಡಿಯೋದಲ್ಲ, ಚರಂಡಿಗೆ ಸುರಿಯೋದು," ಅನ್ನುತ್ತಿದ್ದ. ಬೈರಮ್ಮ ಅತ್ತ ಒಂದು ಕಿವಿ, ಹುಳದ ತಟ್ಟೆಗಳತ್ತ ಒಂದು ಕಿವಿ ಇಟ್ಟು ಹೂಂಗುಟ್ಟುತ್ತಿದ್ದಳು. ಅಷ್ಟು ವರ್ಷ ಕೇಳಿದ್ದರಿಂದ ಎಲ್ಲ ಬಾಯಿಪಾಠ. ರುಚಿ ಮಾತ್ರ ಅವಳಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳಬೇಕೆಂದು ಅನ್ನಿಸಿಯೂ ಇರಲಿಲ್ಲ.

ಇಷ್ಟೆಲ್ಲ ಬಲ್ಲವನು ಒಂದು ಕಡೆ ಮಾತ್ರ ಎಡವಿಬಿಟ್ಟ. ವೇಮಗಲ್ಲಿನ ಫ್ಯಾಕ್ಟರಿಗೆ ಸೇರಿದ ಹೊಸದರಲ್ಲಿ ವೆಂಕಟ್ ಒಂದು ಸಂಜೆ ಅಗ್ಗದ ಮದ್ಯದ ನಾತ ಹೊತ್ತು ಮನೆಗೆ ಬಂದ. ಬೇರೆ ಅಪ್ಪನಾಗಿದ್ದರೆ ಬೆನ್ನು ಮುರಿಯುತ್ತಿದ್ದ. ಕೋದಂಡರಾಮಪ್ಪ ಮಾರನೆಯ ದಿನ ಮಗನನ್ನು ಜಗಲಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಎರಡು ಗ್ಲಾಸು ತರಿಸಿದ. ಕುಡಿಯುವುದನ್ನು ಸರಿಯಾಗಿ ಕಲಿತವನು ಕುಡುಕನಾಗುವುದಿಲ್ಲ ಎಂದು ಅವನು ಮನಸಾರೆ ನಂಬಿದ್ದ. ಅಷ್ಟು ವರ್ಷ ಬಾರಿನಲ್ಲಿ ನಿಂತವನು ಅದನ್ನು ಹೇಗೆ ನಂಬಿದನೋ, ಬೈರಮ್ಮನಿಗೆ ಇವತ್ತಿಗೂ ತಿಳಿಯದು. ಮಗ ಚೆನ್ನಾಗಿಯೇ ಕಲಿತ. ಕಣ್ಣು ಮುಚ್ಚಿ ಮೂಸಿ ಇದು ಸ್ಕಾಚು, ಇದು ಐರಿಷ್ಷು ಎಂದು ಹೇಳುವಷ್ಟು ಕಲಿತ. ಅಪ್ಪನ ರಜೆಯ ದಿನ ಮರ್ಯಾದೆಯಾಗಿ ಒಂದು ಗ್ಲಾಸು. ಮಿಕ್ಕ ದಿನಗಳಲ್ಲಿ ಶಿಫ್ಟು ಮುಗಿಸಿ ಫ್ಯಾಕ್ಟರಿ ರಸ್ತೆಯಲ್ಲಿ ಕೈಗೆ ಸಿಕ್ಕಿದ್ದು. ಆಮೇಲೆ ಶಿಫ್ಟಿಗೆ ಮೊದಲೂ ಶುರುವಾಯಿತು.

ಮಗನನ್ನು ಮಾಲೂರಿನ ಕೇಂದ್ರದಲ್ಲಿ ಬಿಟ್ಟು ಬಂದ ದಿನ ಕೋದಂಡರಾಮಪ್ಪ ಮನೆಯಲ್ಲಿದ್ದ ಬಾಟ್ಲಿಯನ್ನು ತಿಪ್ಪೆಗೆ ಸುರಿದ. "ನಾನೇ ಕಲಿಸಿದೆ ಬೈರಿ, ಇನ್ಯಾರೂ ಅಲ್ಲ," ಎಂದ. ಆಮೇಲೆ ಅವನ ರಜೆಯ ಸಂಜೆಗಳಲ್ಲಿ ಗ್ಲಾಸೂ ಇರಲಿಲ್ಲ, ಪಾಠವೂ ಇರಲಿಲ್ಲ. ನಿವೃತ್ತಿಯಾಗಿ ಮನೆಗೆ ಬಂದ ಮೇಲೂ ಸಂಜೆ ಸುಮ್ಮನೆ ಕೂತಿರುತ್ತಿದ್ದ. ಹೋದ ಕಾರ್ತೀಕದಲ್ಲಿ ಎದೆ ಹಿಡಿದುಕೊಂಡು, ಕೋಲಾರ ಮುಟ್ಟುವ ಮೊದಲೇ ಹೋಗಿಬಿಟ್ಟ.

ಗಂಡ ಒಂದೇ ದಿನದಲ್ಲಿ ಬಿಟ್ಟಿದ್ದನ್ನು ಬೈರಮ್ಮ ಮಗನನ್ನು ಹೊಡೆಯುವ ಕೋಲಾಗಿ ಮಾಡಿಕೊಂಡಿದ್ದಳು. ವೆಂಕಟ್ ಸಂಜೆ ಸಿಡುಕಿದರೆ, ಊಟ ಬಿಟ್ಟು ಎದ್ದರೆ, ಸುಮ್ಮನೆ ಗೋಡೆ ನೋಡುತ್ತಾ ಕೂತರೆ ಅವಳ ಬಾಯಿಂದ ಅದೇ ಮಾತು. "ನಿಮ್ಮಪ್ಪ ಮನಸ್ಸು ಮಾಡಿದ್ರು, ಬಿಟ್ರು. ನಿಂಗೇನೋ ದಾಡಿ? ಬಿಟ್ಟು ವರ್ಷದ ಮೇಲಾಯ್ತು, ಇನ್ನೂ ಅದನ್ನೇ ನೆನೆಸ್ಕೊಂಡು ಕೂತಿದೀಯಲ್ಲ, ಆ ಕಹೀಲಿ ಏನಿಟ್ಟವ್ರೆ ನಿಂಗೆ?" ವೆಂಕಟ್ ಒಂದು ಸಲವೂ ತಿರುಗಿ ಉತ್ತರ ಕೊಟ್ಟವನಲ್ಲ.

ಇವತ್ತು ಐರಿಷ್ ಅಂದುಬಿಟ್ಟರೆ ಮುಗಿಯಿತು ಎಂದು ಬೈರಮ್ಮ ಲೆಕ್ಕ ಹಾಕಿದ್ದಳು. ಅವಳಿಗೆ ಗೊತ್ತಿದ್ದ ಅಂಗಡಿಗಳಲ್ಲಿ ಬ್ರಾಂದಿ, ರಮ್ಮು, ಕಾಗದದ ಪೊಟ್ಟಣದ ಸರಕು. ಅದರಲ್ಲಿ ಐರಿಷ್ ಎಲ್ಲಿಂದ ಬರಬೇಕು?

ಅಶ್ವತ್ಥಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಐರಿಷ್ ತಾನೆ ಅತ್ತಿಗೆ? ಅಡುಗೆ ಆಗೋ ಹೊತ್ತಿಗೆ ಬಂದೆ," ಎಂದು ಕಾರು ತಿರುಗಿಸಿಕೊಂಡು ಹೊರಟ.

"ಬೇಡ ಕಣಪ್ಪ, ಎಲ್ಲಿ ಅಂತ ಅಲೀತೀಯ," ಎಂದು ಬೈರಮ್ಮ ಕೂಗಿದ್ದು ಅವನ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೂ ಅವನು ನಿಲ್ಲುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಸೊಸೆ ಮೇಘನ ವಡೆ ಬೇಯಿಸುತ್ತಿದ್ದಳು. ಎಣ್ಣೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಕೇಳಿದಳು. "ಸಿಕ್ಕಿಬಿಟ್ರೆ ಏನ್ಮಾಡೋದು ಅತ್ತೆ? ಒಂದು ಹನಿ ಒಳಗೆ ಹೋದ್ರೂ ಮತ್ತೆ ಮೊದಲಿಂದ ಶುರು ಅಂತ ಡಾಕ್ಟ್ರು ಹೇಳವ್ರೆ. ಈ ಸಲ ಬಿದ್ರೆ ಇವ್ರು ಏಳಲ್ಲ."

"ಸಿಗಲ್ಲ ಬಿಡೇ."

"ಬರೀ ತುಟಿಗೆ ಮುಟ್ಟಿಸ್ಲಿ ಅಂತಾರೆ ಅಕ್ಕಯಮ್ಮ ದೊಡ್ಡಮ್ಮ. ಇವ್ರ ತುಟಿಗೆ ಮುಟ್ಟಿದ್ದು ಅಲ್ಲೇ ನಿಲ್ಲುತ್ತಾ?"

"ಸಿಗಲ್ಲ ಅಂದ್ನಲ್ಲ," ಎಂದು ಬೈರಮ್ಮ ಗದರಿದಳು. ಗದರಿದ್ದು ಸೊಸೆಯನ್ನಲ್ಲ. ಸಿಗದಿರಲಿ ಎಂದು ಅವಳ ಅರ್ಧ ಜೀವ ಬೇಡುತ್ತಿತ್ತು. ಸಿಗಲಿ ಎಂದು ಇನ್ನರ್ಧ. ಮಗನಿಗೋಸ್ಕರ ತನ್ನ ಒಂದೇ ಒಂದು ಸುಖವನ್ನು ತಿಪ್ಪೆಗೆ ಸುರಿದು, ಬಾಯಿ ಒಣಗಿಸಿಕೊಂಡು ಸತ್ತ ಮನುಷ್ಯ. ವರ್ಷಕ್ಕೊಂದು ದಿನ ಎಡೆಗೆ ಬಂದರೆ ಅಲ್ಲೂ ಬರೀ ನೀರಿನ ಲೋಟ ಇಟ್ಟು ಕಳಿಸುವುದೆ? ಈ ಯೋಚನೆ ಬಂದಾಗ ಅವಳ ಕಣ್ಣು ತುಂಬಿತು. ಹೊಗೆ ಎಂದು ಸೆರಗಿನಿಂದ ಒರೆಸಿಕೊಂಡಳು. ಗ್ಯಾಸ್ ಒಲೆಯಲ್ಲಿ ಹೊಗೆ ಎಲ್ಲಿಂದ ಬರಬೇಕು. ಮೇಘನ ಕಂಡೂ ಕಾಣದವಳ ಹಾಗೆ ವಡೆ ಮಗುಚಿದಳು.

ಬೈರಮ್ಮ ಹೆದ್ದಾರಿ ಕಡೆ ಹೋಗಿ ಎಷ್ಟೋ ಕಾಲವಾಗಿತ್ತು. ಅಲ್ಲಿನ ಫ್ಯಾಕ್ಟರಿಗಳಿಗೆ ಜಪಾನು, ಕೊರಿಯಾ ಅಂತ ಎಲ್ಲೆಲ್ಲಿಯವರೋ ಬಂದು, ಅವರಿಗೆಂದು ಹೋಟೆಲುಗಳೆದ್ದು, ರಸ್ತೆಬದಿಯ ಅಂಗಡಿಯಲ್ಲೂ ಗಾಜಿನ ಕಪಾಟಿನೊಳಗೆ ಪರದೇಶದ ಬಾಟ್ಲಿಗಳು ಸಾಲಾಗಿ ಕೂತಿದ್ದು ಅವಳಿಗೆ ಗೊತ್ತಿರಲಿಲ್ಲ. ಅನ್ನಕ್ಕೆ ನೀರು ಕುದಿಯುವಷ್ಟರಲ್ಲಿ ಅಶ್ವತ್ಥಪ್ಪನ ಕಾರಿನ ಹಾರನ್ ಕೇಳಿಸಿತು.

"ಮೇಘನಾ, ಇಲ್ಲಿ ಬಾರಮ್ಮ. ಇಂಗ್ಲಿಷಲ್ಲಿ ಏನು ಬರೆದವ್ರೆ, ನಿಮ್ಮತ್ತೆಗೆ ಓದಿ ಹೇಳು," ಎಂದು ಅಶ್ವತ್ಥಪ್ಪ ಹೊಸ ಬಾಟ್ಲಿಯನ್ನು ಮುಂದೆ ಹಿಡಿದ.

ಮೇಘನ ಬಾಟ್ಲಿಯನ್ನು ತಿರುಗಿಸಿ ನೋಡಿದಳು. ಇನ್ನೊಮ್ಮೆ ನೋಡಿದಳು.

"ಐರಿಷ್," ಅಂದಳು, ಯಾರಿಗೂ ಕೇಳಿಸಬಾರದು ಎಂಬಂತೆ.

ವೆಂಕಟ್ ತಲೆಗೆ ನೀರು ಹಾಕಿಕೊಂಡು, ಹೊಸ ಪಂಚೆಯುಟ್ಟು, ಬರಿಮೈಯಲ್ಲಿ ಬಂದು ನಿಂತಿದ್ದ. ಬಾಟ್ಲಿಯನ್ನು ಒಂದು ಸಲ ನೋಡಿ ಬೇರೆ ಕಡೆ ಮುಖ ಮಾಡಿದ.

"ಅತ್ತಿಗೆ, ನೀವೇ ಒಂದು ದಾರಿ ಮಾಡಿ," ಎಂದಳು ಬೈರಮ್ಮ ಅಕ್ಕಯಮ್ಮನಿಗೆ. "ಕುಡಿಯೋದನ್ನ ಅಶ್ವತ್ಥ ತಗೊಳ್ಲಿ. ಒಡಹುಟ್ಟಿದ ತಮ್ಮ ಅಲ್ವಾ. ನನ್ನ ಮಗಂಗೆ ಅದು ಆಗ್ಬರಲ್ಲ, ನಿಮಗೂ ಗೊತ್ತು."

"ಮಗ ಇದ್ದೂ ತಮ್ಮ ತಗೊಳ್ಳೋದಾ? ಅಯ್ಯೋ ರಾಮುಡಾ! ಮೊದಲನೇ ಪಕ್ಷದಲ್ಲೇ ಅಪ್ಪಂಗೆ ಮಗ ಇಲ್ಲ ಅನ್ನಿಸ್ತೀಯಾ?" ಅಕ್ಕಯಮ್ಮನ ದನಿ ಸಿಟ್ಟಿನದಲ್ಲ, ನೋವಿನದು. ತಮ್ಮನನ್ನು ಎತ್ತಿ ಆಡಿಸಿದವಳು ಅವಳು. "ಅಪ್ಪ ಕೊಟ್ಟಿದ್ದು ಮಗಂಗೆ ವಿಷ ಆಗುತ್ತಾ ಬೈರಿ? ತುಟಿಗೆ ಸೋಕಿಸಿದ್ರೆ ಸಾಕು."

"ಆಗ್ಲಿ ಬಿಡಮ್ಮ," ಎಂದ ವೆಂಕಟ್. ಅಷ್ಟೇ ಅಂದ.

ಎಲೆಯ ಮುಂದೆ ಕೋದಂಡರಾಮಪ್ಪನ ಫೋಟೋ, ಅದಕ್ಕೆ ಸೇವಂತಿಗೆ ಹಾರ. ಹೊಸ ಪಂಚೆ, ಶರ್ಟಿನ ಬಟ್ಟೆ. ಎಲ್ಲ ಬಡಿಸಿಯಾದ ಮೇಲೆ ಅಕ್ಕಯಮ್ಮ ಗಾಜಿನ ಲೋಟ ತಂದು ವೆಂಕಟನ ಕೈಗೆ ಕೊಟ್ಟಳು. ಬಿರಡೆ ತೆಗೆಯುವಾಗ ಅವನ ಕೈ ನಡುಗುತ್ತಿತ್ತು. ಲೋಟ ಓರೆ ಮಾಡಿ, ಅದರ ಒಳಮೈಗುಂಟ ಇಳಿಯುವ ಹಾಗೆ ಸುರಿದ. ಅಶ್ವತ್ಥಪ್ಪ ನೀರಿನ ಚೊಂಬು ಎತ್ತಲು ಹೋದ.

"ಬೇಡ ಚಿಕ್ಕಪ್ಪ. ಅಪ್ಪ ಇದಕ್ಕೆ ನೀರು ಬೆರೆಸ್ತಿರ್ಲಿಲ್ಲ."

ವಾಸನೆ ಎದ್ದಿತು. ಧೂಪದ ಹೊಗೆಯ ನಡುವೆಯೂ ಅದು ಬೇರೆಯಾಗಿ ಗೊತ್ತಾಗುತ್ತಿತ್ತು. ವೆಂಕಟ್ ಉಸಿರು ಬಿಗಿಹಿಡಿದು ಲೋಟವನ್ನು ಎಲೆಯ ಬಲಕ್ಕೆ ಇಟ್ಟ. ಎಲ್ಲರೂ ಅಡ್ಡಬಿದ್ದರು, ಎದ್ದರು, ಹೊರಗೆ ಬಂದರು. ಅಕ್ಕಯಮ್ಮ ಬಾಗಿಲು ಎಳೆದುಕೊಂಡು ಚಿಲಕ ಹಾಕಿದಳು.

ಮನೆಮುಂದಿನ ಹಟ್ಟಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಬೈರಮ್ಮ ತುಳಸಿ ಕಟ್ಟೆಗೆ ಒರಗಿ ಕೂತು, ಮುಚ್ಚಿದ ಬಾಗಿಲಿನ ಹಿಂದೆ ಗಂಡ ಕೂತಿದ್ದಾನೆ ಎಂದೇ ನಂಬಿ, ಮನಸ್ಸಿನಲ್ಲಿ ಅವನೊಡನೆ ಮಾತಿಗಿಳಿದಳು. ಕುಡೀರಿ, ನಿಮಗೆ ಅಂತಾನೇ ಇಟ್ಟಿರೋದು. ಆದ್ರೆ ಪೂರ್ತಿ ಕುಡಿದುಬಿಡಿ, ಒಂದು ಹನಿ ಉಳಿಸಬೇಡಿ. ಹೀಗೆ ಕೇಳಿಕೊಂಡರೆ ಆಗುವುದಲ್ಲ ಎಂದು ಅವಳಿಗೂ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಯಾವ ಹಿರೀಕರೂ ಎಲೆಯ ಮೇಲಿಂದ ಒಂದು ಅಗುಳು ಕದಲಿಸಿದ್ದನ್ನು ಅವಳು ಕಂಡಿರಲಿಲ್ಲ.

"ಅತ್ತೆ, ಸಾಕಲ್ವಾ? ತೆಗೆಯೋಣ?" ಎಂದ ವೆಂಕಟ್.

"ಈಗಿನ್ನೂ ಕೂತಿರ್ತಾರೆ. ಅಷ್ಟು ಬೇಗ ಯಾರು ಉಣ್ತಾರೆ ನಾಯ್ನಾ," ಎಂದಳು ಅಕ್ಕಯಮ್ಮ.

ಅವನು ಗೇಟಿನವರೆಗೆ ಹೋಗಿ ಬಂದ. ಕೂತ. ಮತ್ತೆ ಎದ್ದ. ತುಟಿ ಸವರಿಕೊಂಡ. "ಅನ್ನ ಆರಿ ಹೋಗುತ್ತೆ," ಎಂದ. ಬೈರಮ್ಮ ಮಗನ ಮುಖವನ್ನು ನೋಡಿದಳು. ಅವನ ಕಣ್ಣು ಚಿಲಕದ ಮೇಲೆ ನೆಟ್ಟಿತ್ತು. ಚಿಕ್ಕವನಿದ್ದಾಗ ಇದೇ ಹಟ್ಟಿಯಲ್ಲಿ ಕಜ್ಜಾಯಕ್ಕೆ ಕಾಯುತ್ತಿದ್ದವನ ಕಣ್ಣು ಅದು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ಹೊತ್ತು ಮಗನನ್ನು ಅಕ್ಕಯಮ್ಮನ ಕೈಯಿಂದ, ಮೈದುನನ ಕೈಯಿಂದ ಹೇಗೆ ಬಿಡಿಸಲಿ ಎಂದು ಒದ್ದಾಡಿದ್ದಳು. ಇವನೋ, ಅಪ್ಪನ ಎಡೆಯ ಬಾಗಿಲು ಯಾವಾಗ ತೆರೆಯುತ್ತದೋ ಎಂದು ಕಾದಿದ್ದಾನೆ. ನಾಚಿಕೆಗೆಟ್ಟವನು ಎಂದುಕೊಂಡಳು. ಇವನಿಗೆ ಹೆತ್ತಮ್ಮ ಬೇಡ, ಹೆಂಡತಿ ಬೇಡ, ಆ ಲೋಟ ಒಂದು ಸಾಕು.

ಅಕ್ಕಯಮ್ಮ ಎದ್ದು, ಒಳಗಿರುವವರಿಗೆ ತಿಳಿಯಲೆಂದು ಎರಡು ಸಲ ಕೆಮ್ಮಿ, ಕೈತಟ್ಟಿ ಚಿಲಕ ತೆಗೆದಳು. ಎಲೆ ಇದ್ದ ಹಾಗೇ ಇತ್ತು. ಲೋಟವೂ ಇದ್ದ ಹಾಗೇ ಇತ್ತು.

ವೆಂಕಟ್ ಎಲೆಯ ಮುಂದೆ ಕೂತ. ಮುದ್ದೆ ಮುರಿದು ಬಾಯಿಗಿಟ್ಟುಕೊಂಡ. ಮಟನ್ ತುಂಡು, ವಡೆ, ಕಜ್ಜಾಯ, ಒಂದೊಂದೇ. ಮೇಘನ ಬಾಗಿಲ ಪಟ್ಟಿ ಹಿಡಿದು ನಿಂತಿದ್ದಳು, ಬೆರಳು ಬಿಳಿಚಿಕೊಂಡಿದ್ದವು. ಕೊನೆಗೆ ಉಳಿದದ್ದು ಲೋಟ. ಅವನು ಅದನ್ನು ಎತ್ತಿಕೊಂಡ. ಸುರಿಯುವಾಗ ಅಷ್ಟು ನಡುಗಿದ ಕೈ ಈಗ ಒಂದಿಷ್ಟೂ ನಡುಗುತ್ತಿರಲಿಲ್ಲ. ಬೈರಮ್ಮ ಕಂಡದ್ದು ಅದನ್ನು. ಕಂಡು ಹೆದರಿದಳು.

"ಕೊಡಿಲ್ಲಿ," ಎಂದಳು.

ಅವನಿಗೆ ಕೇಳಿಸಿದಂತಿರಲಿಲ್ಲ. ಅವಳೇ ಬಗ್ಗಿ ಲೋಟವನ್ನು ಅವನ ಬೆರಳುಗಳಿಂದ ಬಿಡಿಸಿಕೊಂಡಳು. ಅವನು ಸುಲಭವಾಗಿ ಬಿಡಲಿಲ್ಲ.

"ಏಮ್ಮಾ ಬೈರಿ, ಏನ್ಮಾಡ್ತಾ ಇದೀಯ!" ಅಕ್ಕಯಮ್ಮ ಚೀರಿದಳು. "ಹೆಂಗಸ್ರು ಮುಟ್ಟೋದಾ ಅದನ್ನ?"

"ಮದ್ವೆಯಾಗಿ ಬಂದ ದಿನದಿಂದ ಅವ್ರು ಉಂಡ ಎಲೇಲೇ ನಾನು ಉಂಡಿದ್ದು ಅತ್ತಿಗೆ. ನಿಮ್ಮಮ್ಮನೇ ಕೂರಿಸಿ ಬಡಿಸ್ತಿದ್ರು. ಅವ್ರ ಎಂಜಲು ಅಂದ್ರೆ ಮೊದಲು ನಂದು. ಮಗಂದು ಆಮೇಲೆ." ಅವಳ ದನಿ ಏರಲಿಲ್ಲ. ಅಕ್ಕಯಮ್ಮ ಲೋಟದತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅಶ್ವತ್ಥಪ್ಪ ತಲೆ ತಗ್ಗಿಸಿ ನೆಲ ನೋಡಿದ.

ಹರಳೆಣ್ಣೆ ಕುಡಿಯುವ ಹಾಗೆ ಕಣ್ಣು ಮುಚ್ಚಿ, ಒಂದೇ ಏಟಿಗೆ ನುಂಗಿಬಿಡಬೇಕು ಎಂದು ಅವಳು ಲೋಟವನ್ನು ಬಾಯಿಗಿಟ್ಟುಕೊಂಡಳು. ಸುಡುತ್ತದೆ, ಕಹಿಯಿರುತ್ತದೆ, ವಾಂತಿ ಬರುತ್ತದೆ, ಬರಲಿ ಎಂದು ಗಟ್ಟಿಮಾಡಿಕೊಂಡಿದ್ದಳು. ಗಂಟಲು ಒಪ್ಪದೆ ಮೊದಲ ಗುಟುಕು ಬಾಯಲ್ಲೇ ನಿಂತಿತು. ಮೊದಲು ಸ್ವಲ್ಪ ಚುರುಕು. ಆಮೇಲೆ ಅವಳು ಕಾದಿದ್ದ ಕಹಿ ಬರಲೇ ಇಲ್ಲ. ಹದವಾಗಿ ಹುರಿದ ಕಾಳಿನ ಪರಿಮಳ, ಅದರ ಹಿಂದೆ ಜೇನಿನಂಥ ಒಂದು ಸಿಹಿ. ಒಳಗಿಳಿದದ್ದೇ ತಿಳಿಯಲಿಲ್ಲ. ಎದೆಯಲ್ಲಿ ಬೆಚ್ಚಗೆ ಹರಡಿ, ಕಾರ್ತೀಕದಿಂದ ಅಲ್ಲಿ ಕಲ್ಲಿನಂತೆ ಕೂತಿದ್ದುದೇನೋ ಒಂದಿಷ್ಟು ಸಡಿಲವಾಯಿತು. ಗಂಡ ಸತ್ತ ಮೇಲೆ ಮೊದಲ ಸಲ ಅವಳ ಭುಜ ಕೆಳಗಿಳಿಯಿತು.

ಅವಳು ಇನ್ನೊಂದು ಗುಟುಕು ತೆಗೆದುಕೊಂಡಳು. ಮಗನನ್ನು ಉಳಿಸುವುದಕ್ಕೆ ಮೊದಲನೆಯದನ್ನು ಕುಡಿದಿದ್ದಳು. ಎರಡನೆಯದನ್ನು ಯಾಕೆ ಕುಡಿದಳೆಂದು ಅವಳಿಗೇ ಗೊತ್ತು. ಮೂರನೆಯದಕ್ಕೆ ಲೋಟ ಖಾಲಿಯಾಯಿತು. ಅಡಿಯಲ್ಲಿ ಉಳಿದ ಒಂದು ಹನಿಗಾಗಿ ಅವಳು ಲೋಟವನ್ನು ತಲೆಕೆಳಗೆ ಎತ್ತಿ ಹಿಡಿದು ಕಾದಳು. ಆಗ ವೆಂಕಟ್ ತನ್ನನ್ನೇ ನೋಡುತ್ತಿರುವುದು ಕಣ್ಣಿಗೆ ಬಿತ್ತು.

ಅವನ ನೋಟದಲ್ಲಿ ಸಿಟ್ಟಿರಲಿಲ್ಲ, ಆಸೆಯೂ ಈಗ ಇರಲಿಲ್ಲ. ಆ ಕೊನೆಯ ಹನಿಗೆ ಕಾಯುವುದು ಏನೆಂದು ಬಲ್ಲವನ ನೋಟ. ಬೈರಮ್ಮ ಲೋಟ ಕೆಳಗಿಟ್ಟಳು. ಇಟ್ಟ ಮೇಲೂ ಅವಳ ಕಣ್ಣು ತಾನಾಗಿ ಬಾಟ್ಲಿ ಇದ್ದ ಕಡೆಗೆ ಹೋಯಿತು, ಹೋದದ್ದು ಅವಳಿಗೇ ಗೊತ್ತಾಯಿತು. ಅಶ್ವತ್ಥಪ್ಪ ಬಾಟ್ಲಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಕಾರಿನ ಕಡೆ ನಡೆದ.

ಅವಳು ಮಗನ ಪಕ್ಕದಲ್ಲಿ ಕುಸಿದು ಕೂತಳು. ಎಷ್ಟು ಸಂಜೆ ಇವನು ಗೋಡೆ ನೋಡುತ್ತಾ ಕೂತಿದ್ದ, ಎಷ್ಟು ಸಲ ತಾನು ಅವನ ಮುಂದೆ ನಿಂತು ಬಾಯಿಗೆ ಬಂದಂತೆ ಆಡಿದ್ದಳು, ಎಲ್ಲ ಒಟ್ಟಿಗೆ ನುಗ್ಗಿ ಬಂತು. ದುಃಖ ತಡೆಯಲಾಗಲಿಲ್ಲ. ಅವನ ಬರಿಬೆನ್ನ ಮೇಲೆ ಕೈಯಿಟ್ಟಳು.

"ಚೆನ್ನಾಗೈತೆ ಕಣೋ," ಅಂದಳು. "ಇಷ್ಟು ಚೆನ್ನಾಗಿರುತ್ತೆ ಅಂತ ನಂಗೊತ್ತಿರ್ಲಿಲ್ಲ ವೆಂಕಟ."

ಹೊರಗೆ ಕಾರಿನ ಡಿಕ್ಕಿ ಮುಚ್ಚಿದ ಸದ್ದಾಯಿತು.

"ಇದನ್ನಾ ನೀನು ಬಿಟ್ಟಿರೋದು?"

"ಬಿಟ್ಟಿಲ್ಲಮ್ಮ," ಎಂದ ವೆಂಕಟ್. ಅವನ ಕಣ್ಣಿಂದ ನೀರು ಎಲೆಯ ಮೇಲೆ ಬೀಳುತ್ತಿತ್ತು. "ದಿನಾ ಬಿಡ್ತಾ ಇದೀನಿ."